ಅಕ್ಕನ ಚಿಪ್ಪು

ಭಾನುವಾರ, ಮಾರ್ಚ್ ೧೪

ಪ್ರೀತಿಯ ಗುಂಡ,

ಇಲ್ಲಿ ನಾವೆಲ್ಲ ಕ್ಷೇಮ. ನೀನು, ನಿನ್ನ ಹೆಂಡತಿ, ಮಗಳು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಷ್ಟು ದೊಡ್ಡ ಚಿಪ್ ಕಂಪನಿಯಲ್ಲಿ ಅಷ್ಟು ದೊಡ್ಡ ಕುರ್ಚಿ ಮೇಲೆ ಕೂತವನಿಗೆ ಇನ್ನೂ ಗುಂಡ ಅಂತ ಬರೆಯಬಹುದಾ ಅಂತ ಪೆನ್ನು ಹಿಡಿದುಕೊಂಡು ಸ್ವಲ್ಪ ಯೋಚಿಸಿದೆ. ಪಕ್ಕದಲ್ಲಿ ಬಟಾಣಿ ಸುಲಿಯುತ್ತಾ ಕೂತಿರುವ ಅಮ್ಮ, "ಯಾಕೆ, ಅವನೇನು ಈಗ ತೆಳ್ಳಗಾಗಿದಾನಾ?" ಅಂತ ಕೇಳಿದಳು. ಹಾಗಾಗಿ ಗುಂಡ ಅಂತಲೇ ಇರಲಿ.

ನಿನ್ನ ಕಾಗದ ಬಂದು ಎಷ್ಟೋ ತಿಂಗಳಾಯಿತು. ಉತ್ತರ ಬರೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಸೋಲುತ್ತಿದ್ದಾಗ ಬರೆಯಲು ಮನಸ್ಸಿರಲಿಲ್ಲ, ಗೆಲ್ಲುತ್ತಿದ್ದಾಗ ಪುರುಸೊತ್ತಿರಲಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ ನಾನು ವಿಷಯಕ್ಕೆ ಬರುವಷ್ಟರಲ್ಲಿ ನಿನಗೆ ಇನ್ನೊಂದು ಕರೆ ಬಂದಿರುತ್ತದೆ. "ಅಕ್ಕ, ಆಮೇಲೆ ಮಾಡ್ತೀನಿ" ಅಂತೀಯ, ಆ ಆಮೇಲೆ ಬರುವುದೇ ಇಲ್ಲ. ಕಾಗದವಾದರೆ ವಾಸಿ. ನಡುವೆ ಬಾಯಿ ಹಾಕಲು ಆಗುವುದಿಲ್ಲ.

ಮೊದಲು ಸುದ್ದಿ, ಆಮೇಲೆ ಕಥೆ. ನಮ್ಮ ಚಿಪ್ ಅಂಗಡಿಗೆ ಬಂತು. ನಿನ್ನೆ ಪೇಟೆಯಲ್ಲಿ, ಹಗ್ಗ, ಬಲೆ, ಟಾರ್ಚು, ಬೆಟ್ಟ ಹತ್ತುವ ಬೂಟು ಎಲ್ಲ ಮಾರುವ ಅಂಗಡಿಯ ಗಾಜಿನ ಹಿಂದೆ ಹಳದಿ ಬಣ್ಣದ ಕೈರೇಡಿಯೊಗಳು, ಅದೇ ವಾಕಿಟಾಕಿಗಳು, ಸಾಲಾಗಿ ನಿಂತಿದ್ದವು. ಒಂದೊಂದರ ಹೊಟ್ಟೆಯಲ್ಲೂ ನಮ್ಮದೊಂದು ಚಿಪ್. ನಿನ್ನ ಭಾವ ನನ್ನನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಿ, ಒಳಗೆ ಹೋಗಿ, ಒಂದನ್ನು ಕೊಂಡುಕೊಂಡೇ ಬಂದರು. ಅವರಿಗೆ ದೋಣಿ ಇಲ್ಲ, ಈಜು ಬರುವುದಿಲ್ಲ, ಬೆಟ್ಟ ಅಂದರೆ ಮೊಣಕಾಲು ನೋವು. "ಔಷಧಿ ಅಂಗಡಿಯಲ್ಲಿ ಕೂರೋರಿಗೆ ಇದ್ಯಾಕ್ರೀ?" ಅಂದೆ. "ನನ್ನ ಹೆಂಡ್ತಿ ಮಾಡಿದ್ದು, ಅದಕ್ಕೆ" ಅಂದರು. ಅಂಗಡಿಯವನ ಹತ್ತಿರವೂ ಅದನ್ನೇ ಹೇಳಿದ್ದಾರಂತೆ. ಅವನು ನಂಬಿದಂತೆ ಕಾಣಲಿಲ್ಲವಂತೆ. ನಂಬಿಸುವುದಕ್ಕೆ ಅಂತ ಗಾಜಿನಾಚೆ ನಿಂತಿದ್ದ ನನ್ನ ಕಡೆ ಬೆರಳು ತೋರಿಸಿದ್ದಾರೆ. ನಾನು ಆಗ ಚಪ್ಪಲಿಗೆ ಅಂಟಿದ್ದ ಏನನ್ನೋ ಮೆಟ್ಟಿಲಿಗೆ ಉಜ್ಜುತ್ತಿದ್ದೆ. ಹೇಗೆ ನಂಬುತ್ತಾನೆ ಹೇಳು.

ಈಗ ಕಥೆ. ನಿನಗೆ ಗೊತ್ತಿರುವ ವಿಷಯವನ್ನೇ ಬಿಡಿಸಿ ಹೇಳಿದರೆ ನಗಬೇಡ. ಲಕೋಟೆ ಅಂಟಿಸುವ ಮೊದಲು ಅಮ್ಮ ಇದನ್ನು ಓದುತ್ತಾಳೆ, ನಿನ್ನ ಮಗಳಿಗೂ ಓದಿಸು ಅಂತ ನನ್ನ ಆಸೆ.

ಎಲ್ಲ ಕಂಪ್ಯೂಟರ್ ಚಿಪ್ಪಿನ ಒಳಗೂ ಒಂದು ಗಡಿಯಾರ ಇರುತ್ತದೆ. ಅದು ಟಿಕ್ ಅಂದಾಗಲೆಲ್ಲ ಚಿಪ್ಪಿನ ಎಲ್ಲ ಭಾಗಗಳೂ ಒಟ್ಟಿಗೆ ಒಂದು ಹೆಜ್ಜೆ ಇಡಬೇಕು. ಕೆಲಸ ಇದ್ದವರೂ ಇಡಬೇಕು, ಇಲ್ಲದವರೂ ಇಡಬೇಕು. ಬೇಗ ಮುಗಿಸಿದವರು ಸುಮ್ಮನೆ ಕಾಯಬೇಕು. ನಮ್ಮ ಚಿಪ್ಪಿನಲ್ಲಿ ಗಡಿಯಾರವೇ ಇಲ್ಲ. ಒಂದು ಭಾಗ ತನ್ನ ಕೆಲಸ ಮುಗಿಸಿ ಪಕ್ಕದವನಿಗೆ "ನಂದಾಯ್ತು, ತಗೋ" ಅನ್ನುತ್ತದೆ. ಅವನು "ಸಿಕ್ಕಿತು" ಅಂದ ಮೇಲೆ ಇವನಿಗೆ ಬಿಡುವು. ಕೆಲಸ ಬಂದರೆ ಏಳುವುದು, ಇಲ್ಲದಿದ್ದರೆ ಮಲಗುವುದು. ಇದನ್ನು ಅಮ್ಮನಿಗೆ ಹೇಳಿದಾಗ ಹೆಡ್‌ಮಿಸ್ ಆಗಿದ್ದವಳು ಮುಖ ಗಂಟಿಕ್ಕಿ, "ಬೆಲ್ಲೇ ಹೊಡೆಯದ ಶಾಲೆ. ನಡೆಯುತ್ತಾ ಅದು?" ಅಂದಳು. ಆಮೇಲೆ ನಾನು ಕಂಡ ಎಂಜಿನಿಯರುಗಳೆಲ್ಲ ಕೇಳಿದ್ದು ಇದೇ ಪ್ರಶ್ನೆಯನ್ನು, ಇದಕ್ಕಿಂತ ಉದ್ದವಾಗಿ.

ಇಪ್ಪತ್ತು ವರ್ಷದ ಕೆಲಸ ಬಿಟ್ಟು ಇದಕ್ಕೆ ಕೈ ಹಾಕಿದಾಗ ಚಿಕ್ಕಪ್ಪ ಮನೆಗೇ ಬಂದು, "ಚಿಪ್ ಮಾಡ್ತೀನಿ ಅಂತ ಹೋಗಿ ಕೊನೆಗೆ ಕೈಗೆ ಚಿಪ್ಪು ಬರದಿದ್ರೆ ಸಾಕು ತಾಯಿ" ಅಂದಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಚಿಪ್ಪು ಅಂತಲೇ ಹೆಸರು. "ಚಿಪ್ಪು ಹೇಗಿದೆ?" "ಇವತ್ತು ಚಿಪ್ಪು ಊಟಕ್ಕೆ ಬಿಡುತ್ತೋ ಇಲ್ವೋ?" ಹೀಗೆ. ನೀನೂ ಆಗ "ಅಕ್ಕ, ಇನ್ನೊಂದ್ಸಲ ಯೋಚನೆ ಮಾಡು" ಅಂದಿದ್ದೆ. ಅದನ್ನು ನಾನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ನೀನು ನಮ್ಮ ಆಫೀಸು ನೋಡಿಲ್ಲ. ಬಟ್ಟೆ ಹೊಲಿಯುವ ಅಂಗಡಿಯ ಮೇಲೆ ಎರಡು ಕೋಣೆ. ಹೊರಗಿನಿಂದ ಕಬ್ಬಿಣದ ಏಣಿಮೆಟ್ಟಿಲು. ಕೆಳಗೆ ಹೊಲಿಗೆ ಮಿಷಿನುಗಳೆಲ್ಲ ಒಟ್ಟಿಗೆ ಓಡಿದರೆ ಮೇಲೆ ನಮ್ಮ ಮೇಜು ನಡುಗುತ್ತದೆ. ಅಂಥ ಹೊತ್ತಿನಲ್ಲಿ ಬೆಸುಗೆ ಹಾಕುವಂತಿಲ್ಲ, ಕೈ ಕಟ್ಟಿ ಕೂತು ಟೀ ಕುಡಿಯುವುದು. ಆ ಎರಡು ಕೋಣೆಯಲ್ಲಿ ನಾವು ಮೂವರು. ನಾನೊಬ್ಬಳು. ನನ್ನ ಹಳೆ ಆಫೀಸಿನಿಂದ ನನ್ನ ಜೊತೆಗೇ ಎದ್ದು ಬಂದ ಗೆರೆ ಮೇಷ್ಟ್ರು ಇನ್ನೊಬ್ಬರು. ಚಿಪ್ಪಿನ ಮೇಲಿನ ಸಣ್ಣ ಸಣ್ಣ ಗೆರೆಗಳನ್ನೆಲ್ಲ ಎಳೆಯುವವರು ಅವರು, ಅದಕ್ಕೆ ಆ ಹೆಸರು. ಮೂರನೆಯವಳು ಪತ್ತೇದಾರಿ. ಪರೀಕ್ಷೆ ಮಾಡುವುದು ಅವಳ ಕೆಲಸ. ಚಿಪ್ಪಿನಲ್ಲೂ ತಪ್ಪು ಹುಡುಕುತ್ತಾಳೆ, ನಾನು ಮಾಡಿದ ಟೀಯಲ್ಲೂ ಹುಡುಕುತ್ತಾಳೆ.

ಮೊದಲ ಸಲ ಕಾರ್ಖಾನೆಯಿಂದ ಚಿಪ್ ಬಂದ ದಿನ ಮೂವರೂ ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದೆವು. ಕರೆಂಟು ಕೊಟ್ಟರೆ ಒಂದು ಗಳಿಗೆ ಓಡಿತು, ನಿಂತಿತು. ಇನ್ನೊಂದು ತೆಗೆದೆವು. ಅದೂ ಓಡಿತು, ನಿಂತಿತು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಲು ಶುರು ಮಾಡಿದವರು ಒರೆಸುತ್ತಲೇ ಇದ್ದರು. ಕಾರಣ ಸಿಗಲು ಬೇಸಿಗೆ ಪೂರ್ತಿ ಹಿಡಿಯಿತು. ಬೆಳಿಗ್ಗೆ ತಣ್ಣಗಿರುವಾಗ ಸರಿಯಾಗಿ ಓಡುವ ಚಿಪ್ ಮಧ್ಯಾಹ್ನ ಕೋಣೆ ಬಿಸಿಯಾದ ಮೇಲೆ ನಿಲ್ಲುತ್ತಿದೆ ಅನ್ನುವುದನ್ನು ಪತ್ತೇದಾರಿ ಗಮನಿಸಿದಳು. ಮನೆಯಿಂದ ಕೂದಲು ಒಣಗಿಸುವ ಮಿಷಿನು ತಂದು ಚಿಪ್ಪಿನ ಒಂದೊಂದು ಮೂಲೆಗೂ ಬಿಸಿಗಾಳಿ ಬಿಟ್ಟು ನೋಡುತ್ತಾ ಹೋದಳು. ಕೊನೆಗೆ ಜಾಗ ಸಿಕ್ಕಿತು. ಬಾಗಿಲಲ್ಲಿ ಇಬ್ಬರು ಮರ್ಯಾದಸ್ಥರು ಎದುರಾದರೆ "ನೀವು ಮೊದಲು", "ಇಲ್ಲ ಇಲ್ಲ, ನೀವು ಮೊದಲು" ಅಂತ ನಿಂತುಬಿಡುತ್ತಾರಲ್ಲ, ಚಿಪ್ಪಿನ ಎರಡು ಭಾಗಗಳು ಬಿಸಿಯಾದಾಗ ಹಾಗೆ ಮಾಡುತ್ತಿದ್ದವು. ಗಡಿಯಾರ ಇದ್ದಿದ್ದರೆ ಬೆನ್ನ ಮೇಲೆ ಗುದ್ದಿ ನಡೆಸುತ್ತಿತ್ತು. ಇಲ್ಲಿ ಗುದ್ದುವವರು ಯಾರೂ ಇಲ್ಲ. ಮೇಷ್ಟ್ರು ಆ ಮೂಲೆಯ ಗೆರೆಗಳನ್ನೆಲ್ಲ ಅಳಿಸಿ ಹೊಸದಾಗಿ ಎಳೆದರು.

ಎರಡನೇ ಸಲದ ಕಥೆ ಇನ್ನೂ ಚೆಂದ. ಕಾರ್ಖಾನೆಯಲ್ಲಿ ಚಿಪ್ಪುಗಳನ್ನು ಪರೀಕ್ಷೆ ಮಾಡುವ ಯಂತ್ರ ಇರುತ್ತದಲ್ಲ, ಕೆಟ್ಟ ಚಿಪ್ ಕಂಡರೆ ಅದರ ಮೇಲೆ ಒಂದು ಕಪ್ಪು ಶಾಯಿಯ ಚುಕ್ಕೆ ಇಡುತ್ತದೆ. ನಮ್ಮ ಚಿಪ್ಪುಗಳೆಲ್ಲ ಒಟ್ಟಿಗೆ ಅಚ್ಚಾಗಿ ಬಂದ ದುಂಡು ತಟ್ಟೆ ಬಿಚ್ಚಿ ನೋಡಿದರೆ ಒಂದೇ ಒಂದು ಚಿಪ್ ಬಿಡದೆ ಎಲ್ಲಕ್ಕೂ ಚುಕ್ಕೆ. ಆ ದಿನ ನಾನು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಹಾಗೇ ಕುರ್ಚಿಯಲ್ಲಿ ಕೂತೆ. ಅಮ್ಮ ಏನಾಯಿತು ಅಂತ ಬಿಡಿಸಿ ಬಿಡಿಸಿ ಕೇಳಿದಳು. ಆಮೇಲೆ, "ಇಡೀ ಕ್ಲಾಸಿಗೆ ಕ್ಲಾಸೇ ಫೇಲಾದ್ರೆ ನಾನು ಮಕ್ಕಳನ್ನ ಬೈತಿರಲಿಲ್ಲಮ್ಮ. ಪ್ರಶ್ನೆಪತ್ರಿಕೆ ತರಿಸಿ ನೋಡ್ತಿದ್ದೆ" ಅಂದಳು. ಮಾರನೆಯ ಬೆಳಿಗ್ಗೆ ನನಗೇ ಅದು ಹೊಳೆಯುತ್ತಿತ್ತು ಅನ್ನು, ಆದರೆ ಆ ಸಂಜೆ ಅದನ್ನು ಯಾರಾದರೂ ಹೇಳಬೇಕಿತ್ತು. ಸಂಗತಿ ಅದೇ. ಆ ಯಂತ್ರ ಪ್ರತಿ ಟಿಕ್ಕಿಗೂ ಒಂದು ಉತ್ತರ ಕೇಳುತ್ತದೆ. ನಮ್ಮದರಲ್ಲಿ ಟಿಕ್ಕೇ ಇಲ್ಲ. ಉತ್ತರ ಸಿದ್ಧವಾದಾಗ ಕೊಡುತ್ತದೆ. ಯಂತ್ರ ಕೇಳಿದ ಗಳಿಗೆಯಲ್ಲಿ ಬಾಯಿ ಬಿಡಲಿಲ್ಲ ಅಂತ ಎಲ್ಲರನ್ನೂ ಫೇಲು ಮಾಡಿದೆ. ನಮ್ಮ ಮೇಜಿನ ಮೇಲೆ ಇಟ್ಟು ಓಡಿಸಿದರೆ ಚುಕ್ಕೆ ಹೊತ್ತ ಚಿಪ್ಪುಗಳೇ ಚೆನ್ನಾಗಿ ಓಡಿದವು. ಅದರಲ್ಲೊಂದನ್ನು ನೋಡು ಅಂತ ನಿನಗೂ ಕಳಿಸಿದ್ದೆ.

ಚಿಪ್ ಓಡಿತು. ಕೊಳ್ಳುವವರು ಬೇಕಲ್ಲ. ಚಿಪ್ಪಿನ ಚೀಲ ಹೆಗಲಿಗೆ ಹಾಕಿಕೊಂಡು ನಾನೂ ಮೇಷ್ಟ್ರೂ ಹತ್ತದ ಮೆಟ್ಟಿಲಿಲ್ಲ. ಎಲ್ಲರೂ ಕೇಳುತ್ತಿದ್ದ ಮೊದಲ ಪ್ರಶ್ನೆ "ಸ್ಪೀಡ್ ಎಷ್ಟು?" ಅಂತ. ಸ್ಪೀಡು ಅಂದರೆ ಗಡಿಯಾರದ ಸ್ಪೀಡು. ಗಡಿಯಾರ ಇಲ್ಲದಿದ್ದರೆ ಏನು ಹೇಳುವುದು? "ಕೆಲಸ ಇದ್ದಷ್ಟು" ಅಂತ ಮೇಷ್ಟ್ರು ಒಂದು ಕಡೆ ಹೇಳಿದರು. ಆ ಕಡೆಯವನು ತನ್ನ ಪಕ್ಕದವನ ಮುಖ ನೋಡಿ ನಕ್ಕ, ನಮ್ಮನ್ನು ಲಿಫ್ಟಿನವರೆಗೂ ಬಂದು ಬೀಳ್ಕೊಟ್ಟ. ತುಂಬ ಮರ್ಯಾದೆಯಿಂದ ಬೀಳ್ಕೊಟ್ಟವರು ಯಾರೂ ಮತ್ತೆ ಕರೆಯುವುದಿಲ್ಲ ಅನ್ನುವುದನ್ನು ಆಗ ಕಲಿತೆ. ಒಂದು ಸಲ ಕೈಗಡಿಯಾರ ಮಾಡುವ ಕಂಪನಿಗೂ ಹೋಗಿದ್ದೆವು. ಬ್ಯಾಟರಿ ಉಳಿಯುತ್ತದೆ, ಅವರಿಗೆ ಬೇಕಾಗಬಹುದು ಅಂತ. ಗಡಿಯಾರ ಮಾಡುವವರ ಮುಂದೆ ಕೂತು ನಮ್ಮಲ್ಲಿ ಗಡಿಯಾರ ಇಲ್ಲ ಅಂತ ಹೆಮ್ಮೆಯಿಂದ ಹೇಳುತ್ತಿದ್ದೇನೆ ಅನ್ನುವುದು ಅರ್ಧ ಮಾತು ಮುಗಿದ ಮೇಲೆ ಹೊಳೆಯಿತು. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕೊನೆಗೆ ಒಬ್ಬರು ಸಿಕ್ಕರು. ಮನೆಬಳಕೆಯ ಸಾಮಾನು ಮಾಡುವ ದೊಡ್ಡ ಕಂಪನಿಯ ಖರೀದಿ ಅಧಿಕಾರಿ. ಸುತ್ತ ಗಾಜಿನ ಗೋಡೆ ಇರುವ ಕೋಣೆ. ಚಿಪ್ಪನ್ನು ಓಡಿಸಿ ನೋಡಿದರು, ಬ್ಯಾಟರಿ ಉಳಿದದ್ದು ನೋಡಿದರು, ಮೆಚ್ಚಿಕೊಂಡರು. ಆಮೇಲೆ, "ಒಂದು ಗಡಿಯಾರ ಸೇರಿಸಿಬಿಡಿ ಮೇಡಂ" ಅಂದರು.

"ಅದಕ್ಕೆ ನಮ್ಮಲ್ಲಿ ಏನೂ ಕೆಲಸ ಇಲ್ಲವಲ್ಲ" ಅಂದೆ.

"ಕೆಲಸ ಬೇಡ. ಒಂದು ಮೂಲೇಲಿ ಕೂತು ಟಿಕ್ ಟಿಕ್ ಅಂತಿರಲಿ. ಡಬ್ಬದ ಮೇಲೆ ಬರೆಯೋಕೆ ನಮಗೊಂದು ನಂಬರ್ ಬೇಕು ಅಷ್ಟೆ. ಸೇರಿಸಿಕೊಂಡು ಬನ್ನಿ, ತಗೋತೀವಿ."

ಗುಂಡ, ನಿಜ ಹೇಳುತ್ತೇನೆ, ಆ ವಾರ ಪೂರ್ತಿ ನಮ್ಮ ಎರಡು ಕೋಣೆಯಲ್ಲಿ ಅದೇ ಚರ್ಚೆ. ನನಗೆ ಮೈಯೆಲ್ಲ ಉರಿ. ಮೇಷ್ಟ್ರು ಮಾತ್ರ ಸೇರಿಸೋಣ ಅಂದರು. "ನೋಡಿ ಮೇಡಂ, ನಿಮ್ಮ ಹಟ ನನಗೆ ಇಷ್ಟ. ಇಷ್ಟ ಆಗಿದ್ದಕ್ಕೇ ಬಂದೆ. ಆದರೆ ನನ್ನ ಹೆಂಡ್ತಿ ದಿನಾ ಬೆಳಿಗ್ಗೆ ನನ್ನ ಮುಖ ನೋಡ್ತಾಳೆ, ಏನೂ ಕೇಳಲ್ಲ. ಅವಳು ಕೇಳಿದ್ರೆ ಚೆನ್ನಾಗಿತ್ತು" ಅಂದರು. ಹೂಂ ಅಂದೆ. ಮನಸ್ಸಿಲ್ಲದಿದ್ದರೂ ಅಂದೆ.

ಹೊಸ ಚಿಪ್ ಮಾಡಿಸುವ ಮೊದಲು ಹೊರಗಿನಿಂದಲೇ ಒಂದು ಗಡಿಯಾರ ಜೋಡಿಸಿ ನೋಡೋಣ ಅಂತ ಪತ್ತೇದಾರಿ ತಂತಿ ಎಳೆದಳು. ಅವತ್ತು ದೂರದಲ್ಲೆಲ್ಲೋ ಮೇಷ್ಟ್ರಿಗೆ ಪ್ರಾಣವಾದ ಪಂದ್ಯ ನಡೆಯುತ್ತಿತ್ತು. ಅವರ ಹಳೆಯ ಪುಟ್ಟ ರೇಡಿಯೊ ಕಿಟಕಿಯ ಮೇಲಿತ್ತು. ಬಡಕಲು ಸ್ಟೇಷನ್ನು, ಕಿವಿಗೊಟ್ಟು ಕೇಳಬೇಕು. ಪತ್ತೇದಾರಿ ಗಡಿಯಾರ ಚಾಲೂ ಮಾಡಿದಳು. ರೇಡಿಯೊ ಕೊರ್ ಅಂತ ಅರಚಿಕೊಂಡಿತು. "ಅದನ್ನ ಆರಿಸಮ್ಮ, ಸ್ಕೋರ್ ಹೇಳ್ತಿದಾನೆ" ಅಂದರು ಮೇಷ್ಟ್ರು. ಆರಿಸಿದಳು. ಸ್ಕೋರು ಸ್ಪಷ್ಟವಾಗಿ ಕೇಳಿಸಿತು. ಮತ್ತೆ ಹಾಕಿದಳು, ಕೊರ್. ಆರಿಸಿದಳು, ಸ್ಕೋರು. ನಮ್ಮ ಚಿಪ್ ಮಾತ್ರ ಅಷ್ಟು ಹೊತ್ತೂ ಪೂರ್ತಿ ಓಡುತ್ತಲೇ ಇತ್ತು.

ಪತ್ತೇದಾರಿ ಎದ್ದು ಹೋಗಿ ಬೇರೆ ಕಂಪನಿಯ ಚಿಪ್ ಇರುವ ಬೋರ್ಡು ತಂದು ರೇಡಿಯೊ ಪಕ್ಕ ಇಟ್ಟಳು. ಕೊರ್. ಇನ್ನೊಂದು ತಂದಳು. ಕೊರ್. ನಮ್ಮದನ್ನು ರೇಡಿಯೊಗೆ ತಾಗುವಂತೆ ಇಟ್ಟಳು. ಅಲ್ಲೆಲ್ಲೋ ಜನ ಚಪ್ಪಾಳೆ ತಟ್ಟುವುದು ಕೂಡ ಕೇಳಿಸುತ್ತಿತ್ತು. ಎಲ್ಲರೂ ಒಂದೇ ಟಿಕ್ಕಿಗೆ ಹೆಜ್ಜೆ ಹಾಕಿದರೆ ನೆಲ ಅದುರುತ್ತದೆ. ತಮ್ಮ ತಮ್ಮ ಪಾಡಿಗೆ ನಡೆದರೆ ಸದ್ದೇ ಆಗುವುದಿಲ್ಲ. ಬ್ಯಾಟರಿ, ಬ್ಯಾಟರಿ ಅಂತ ಬಾಯಿ ಬಡಿದುಕೊಂಡು ಊರೆಲ್ಲ ತಿರುಗಿದ್ದೆವು. ನಾವು ಮಾರಬೇಕಾಗಿದ್ದದ್ದು ಮೌನವನ್ನು.

ಮೇಷ್ಟ್ರು ರೇಡಿಯೊ ಆರಿಸಿದರು. ಪಂದ್ಯ ಇನ್ನೂ ಮುಗಿದಿರಲಿಲ್ಲ. "ಗಡಿಯಾರ ಬೇಡ ಮೇಡಂ" ಅಂದರು.

ಮೌನ ಯಾರಿಗೆ ಬೇಕು? ರೇಡಿಯೊ ಮಾಡುವವರಿಗೆ. ಬಂದರಿನ ಹತ್ತಿರ, ದೋಣಿಯವರಿಗೂ ಬೆಟ್ಟ ಹತ್ತುವವರಿಗೂ ಕೈರೇಡಿಯೊ ಮಾಡುವ ಕಂಪನಿ ಇದೆ. ಅದರ ಮುಖ್ಯ ಎಂಜಿನಿಯರ್ ನನಗಿಂತ ಸ್ವಲ್ಪ ದೊಡ್ಡ ಹೆಂಗಸು. ನಾವು ಮೂವರೂ ಅವರನ್ನು ರೇಡಿಯೊಮ್ಮ ಅನ್ನುತ್ತೇವೆ, ಅವರೆದುರಿಗಲ್ಲ. ಅವರಿಗೆ ಒಂದು ತಲೆನೋವಿತ್ತು. ಬ್ಯಾಟರಿ ಉಳಿಸಲು, ಇರುವ ಜಾಗ ತೋರಿಸಲು ಅಂತ ರೇಡಿಯೊ ಒಳಗೆ ಹೊಸ ಚಿಪ್ ಹಾಕಿದರು. ಹಾಕಿದ ಮೇಲೆ ದೂರದ ದನಿ ಕೇಳಿಸುವುದು ಕಡಿಮೆಯಾಯಿತು. ತನ್ನ ಹೊಟ್ಟೆಯ ಗದ್ದಲಕ್ಕೆ ತಾನೇ ಕಿವುಡಾದ ರೇಡಿಯೊ. ತಗಡು ಸುತ್ತಿ ನೋಡಿದರು, ಏನೇನೋ ಮಾಡಿದರು. ನಾವು ಹೋಗಿ ಕೂತಾಗ ಅವರು ಸ್ಪೀಡು ಕೇಳಲಿಲ್ಲ. ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ, ನಮ್ಮ ಚಿಪ್ಪನ್ನು ರೇಡಿಯೊ ಪಕ್ಕ ಓಡಿಸಿ ಕೇಳಿದರು. ಬಹಳ ಹೊತ್ತು ಕೇಳಿದರು. ಕಣ್ಣು ಬಿಟ್ಟು, "ಇದು ಓಡ್ತಿದೆಯಾ?" ಅಂದರು.

"ಓಡ್ತಿದೆ" ಅಂದೆ.

"ನಾಲ್ಕು ಕಡೆ ವಿಚಾರಿಸಿ ಹೇಳ್ತೀನಿ" ಅಂತ ಎದ್ದರು. ಲಿಫ್ಟಿನವರೆಗೂ ಬರಲಿಲ್ಲ. ಅದನ್ನು ನೋಡಿ ನನಗೆ ಧೈರ್ಯ ಬಂತು.

ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ಬಟಾಣಿ ನಾನು ಸುಲಿಯಲಿಲ್ಲ ಅಂತ ಆಗಲೇ ಒಂದು ಮಾತು ಆಗಿದೆ. ನಾಳೆ ಮುಂದುವರಿಸುತ್ತೇನೆ.

ಸೋಮವಾರ, ಮಧ್ಯಾಹ್ನ

ಆಫೀಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಕೆಳಗೆ ಮಿಷಿನುಗಳು ಓಡುತ್ತಿವೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ವಿಚಾರಿಸಿ ಹೇಳುತ್ತೇನೆ ಅಂದವರು ತಿಂಗಳು ದಾಟಿದರೂ ಹೇಳಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಫೋನು: "ನಾಡಿದ್ದು ದೋಣಿ ಹೇಳಿದ್ದೀನಿ, ಬನ್ನಿ." ಹೋದೆವು. ರೇಡಿಯೊಮ್ಮ, ಮೇಷ್ಟ್ರು, ನಾನು ಕಟ್ಟೆಯ ತುದಿಯಲ್ಲಿ ಎರಡು ರೇಡಿಯೊ ಇಟ್ಟುಕೊಂಡು ಕೂತೆವು. ಒಂದು ಅವರ ಈಗಿನದು, ಇನ್ನೊಂದು ನಮ್ಮ ಚಿಪ್ ಹಾಕಿದ್ದು. ಪತ್ತೇದಾರಿ ದೋಣಿಯಲ್ಲಿ. ಅವಳು ಮಾತಾಡುತ್ತಾ ದೂರ ಹೋಗಬೇಕು, ಯಾವ ರೇಡಿಯೊ ಎಲ್ಲಿಯವರೆಗೆ ಕೇಳುತ್ತದೆ ನೋಡಬೇಕು. ಹೊರಡುವಾಗ ಅವಳು ಕೇಳಿದಳು, "ಏನು ಮಾತಾಡಲಿ?" "ಬಾಯಿಗೆ ಬಂದದ್ದು" ಅಂದರು ರೇಡಿಯೊಮ್ಮ.

ಬಾಯಿಗೆ ಏನೂ ಬರಲಿಲ್ಲ ಅಂತ ಕಾಣುತ್ತದೆ, ಕೈಯಲ್ಲಿದ್ದ ಬಿಸ್ಕತ್ ಪೊಟ್ಟಣ ಓದಲು ಶುರು ಮಾಡಿದಳು. ಗೋಧಿ ಹಿಟ್ಟು, ಸಕ್ಕರೆ, ಎಣ್ಣೆ, ಬಿಸಿಲು ತಾಗದ ಜಾಗದಲ್ಲಿಡಿ, ತಯಾರಕರ ವಿಳಾಸ. ದೋಣಿ ಚಿಕ್ಕದಾಗುತ್ತಾ ಹೋಯಿತು. ದೋಣಿಗಳಿಗೆ ದಾರಿ ತೋರಿಸಲು ನೀರಲ್ಲಿ ಕಟ್ಟಿರುವ ಕೆಂಪು ತೇಲುಗುಂಡಿನ ಹತ್ತಿರ ಹೋಗುತ್ತಿದ್ದಂತೆ ಅವರ ರೇಡಿಯೊದಲ್ಲಿ ಸಕ್ಕರೆ ಕೇಳಿಸಿತು, ಎಣ್ಣೆ ಕೇಳಿಸಲಿಲ್ಲ, ಆಮೇಲೆ ಬರೀ ಕೊರ್. "ಇಲ್ಲೇ ಯಾವಾಗಲೂ ಕಳೆದುಹೋಗೋದು" ಅಂದರು ರೇಡಿಯೊಮ್ಮ. ನಮ್ಮದರಲ್ಲಿ ಪತ್ತೇದಾರಿ ತಯಾರಕರ ವಿಳಾಸದ ಪಿನ್‌ಕೋಡಿಗೆ ಬಂದಿದ್ದಳು.

ದೋಣಿ ಕಣ್ಣಿಗೆ ಕಾಣದಾಯಿತು. ಪೊಟ್ಟಣ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಮೇಷ್ಟ್ರು ನನ್ನ ಕಡೆ ನೋಡುತ್ತಿರಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ. ನೋಡಿದರೆ ಏನಾದರೂ ಆಗಿಬಿಡುತ್ತದೆ ಅನ್ನುವ ಹಾಗೆ ಇಬ್ಬರೂ ನೀರನ್ನೇ ನೋಡುತ್ತಿದ್ದೆವು. ಗೋಧಿ ಹಿಟ್ಟು, ಸಕ್ಕರೆ ಅಂತ ಬರುತ್ತಿದ್ದ ದನಿ ಇದ್ದಕ್ಕಿದ್ದಂತೆ ನಿಂತಿತು. ಆಗ ದೋಣಿಯವನ ದನಿ, ಪಕ್ಕದಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ: "ಅಮ್ಮಾವ್ರೆ, ಈ ಹುಡುಗಿ ವಾಂತಿ ಮಾಡ್ಕೊಳ್ತಿದಾಳೆ. ವಾಪಸ್ ತಿರುಗಿಸ್ಲಾ?"

ರೇಡಿಯೊಮ್ಮ ಹೆಡ್‌ಫೋನು ತೆಗೆದು ಕುತ್ತಿಗೆಗೆ ಹಾಕಿಕೊಂಡರು. "ವಾಂತಿ ಸದ್ದೂ ಕೇಳಿಸ್ತಿದೆ. ಸಾಕು, ಬರಲಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ತಗೋತೀವಿ" ಅಂದರು. ಅಂಗಡಿಯಲ್ಲಿ ಸೀರೆ ಆರಿಸಿದಷ್ಟು ಸಲೀಸಾಗಿ ಅಂದರು. ಮೇಷ್ಟ್ರು ಎದ್ದು ಕಟ್ಟೆಯ ಆ ತುದಿಗೆ ನಡೆದುಹೋದರು. ಬೆನ್ನು ನಮ್ಮ ಕಡೆ ಇತ್ತು. ಜೇಬಿನಿಂದ ಫೋನು ತೆಗೆದದ್ದು ಕಂಡಿತು. ಹೆಂಡತಿಗೆ ಅಂತ ಕೇಳಬೇಕಾಗಿರಲಿಲ್ಲ.

ಪತ್ತೇದಾರಿ ಹಸಿರು ಮುಖ ಹೊತ್ತುಕೊಂಡು ದೋಣಿಯಿಂದ ಇಳಿದವಳು ಎಲ್ಲಕ್ಕಿಂತ ಮೊದಲು ಕೇಳಿದ್ದು, "ಎಲ್ಲೀವರೆಗೂ ಕೇಳಿಸ್ತು?" ಅಂತ. ಮೇಷ್ಟ್ರು ಅವಳಿಗೆ ಹೇಳಿದರು, "ನೀನು ಏನೇನು ತಿಂದಿದ್ದೆ ಅನ್ನೋವರೆಗೂ."

ಇನ್ನು ಒಂದೇ ಗಂಟು ಉಳಿದಿತ್ತು. ಕೈಬೆರಳೆಣಿಕೆಯ ಚಿಪ್ಪುಗಳನ್ನು ನಾವು ಮೇಜಿನ ಮೇಲೆ ಪರೀಕ್ಷಿಸಬಹುದು. ರಾಶಿ ರಾಶಿ ಬೇಕು ಅಂದರೆ ಕಾರ್ಖಾನೆಯ ಯಂತ್ರವೇ ಪರೀಕ್ಷಿಸಬೇಕು, ಆ ಯಂತ್ರ ಎಲ್ಲರಿಗೂ ಚುಕ್ಕೆ ಇಡುತ್ತದೆ. ಪತ್ತೇದಾರಿ ಅಲ್ಲಿಗೇ ಹೋಗಿ ಕೂತಳು. ಮೊದಲು ಅಲ್ಲಿನ ಮೇಲ್ವಿಚಾರಕರು ಅವಳನ್ನು ಯಂತ್ರದ ಹತ್ತಿರ ಬಿಡಲೇ ಇಲ್ಲ. "ನಿಮ್ಮೊಬ್ಬರಿಗೋಸ್ಕರ ಯಂತ್ರದ ಬುದ್ಧಿ ಬದಲಾಯಿಸೋಕಾಗುತ್ತಾ?" ಅಂದರಂತೆ. "ಬುದ್ಧಿ ಬದಲಾಯಿಸೋದು ಬೇಡ, ಸ್ವಲ್ಪ ತಾಳ್ಮೆ ಕಲಿಸೋಣ" ಅಂದಳಂತೆ ಇವಳು. ಉತ್ತರ ಕೇಳಿ, ಚಿಪ್ "ಆಯ್ತು" ಅನ್ನುವವರೆಗೆ ಕಾದು, ಆಮೇಲೆ ನೋಡುವುದು. ಅಷ್ಟೇ. ಇಬ್ಬರೂ ಜಗಳವಾಡಿಕೊಂಡೇ ಅದನ್ನು ಮಾಡಿ ಮುಗಿಸಿದರು. ಈಗ ಆ ಮೇಲ್ವಿಚಾರಕರು ಅವಳಿಗೆ ದಿನಾ ಫೋನು ಮಾಡುತ್ತಾರೆ. ಕೆಲಸದ ವಿಷಯಕ್ಕೆ ಅಂತ ಅವಳು ಹೇಳುತ್ತಾಳೆ, ನಾವು ಹೂಂ ಅನ್ನುತ್ತೇವೆ.

ಹೊಸ ತಟ್ಟೆ ಬಂದ ದಿನ ಅಮ್ಮ ತಾನೂ ಬರುತ್ತೇನೆ ಅಂದಳು. ಕಬ್ಬಿಣದ ಮೆಟ್ಟಿಲನ್ನು ಒಂದೊಂದೇ ಹತ್ತಿ, ನಡುವೆ ನಿಂತು, ಹೊಲಿಗೆ ಅಂಗಡಿಯವರಿಗೆಲ್ಲ "ನನ್ನ ಮಗಳ ಆಫೀಸು" ಅಂತ ಹೇಳಿ, ಮೇಲೆ ಬಂದಳು. ತಟ್ಟೆ ಬಿಚ್ಚಿದೆವು. ಕಪ್ಪು ಚುಕ್ಕೆಯನ್ನು ಹುಡುಕಬೇಕಾಯಿತು. ಅಲ್ಲೊಂದು ಇಲ್ಲೊಂದು, ಅಷ್ಟೆ. ಉಳಿದದ್ದೆಲ್ಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಅಮ್ಮನಿಗೆ ತೋರಿಸಿದೆ. ತುಂಬ ಹೊತ್ತು ಬಗ್ಗಿ ನೋಡಿದಳು. "ಮೇಲಿಂದ ನೋಡಿದ ಊರಿನ ಹಾಗಿದೆ. ಬೀದಿ, ಮನೆ, ಹಿತ್ತಲು ಎಲ್ಲ ಇದೆ. ಇದನ್ನೆಲ್ಲ ನೀನೇ ಮಾಡಿದ್ದಾ?" ಅಂದಳು. "ಮೂವರು ಸೇರಿ" ಅಂದೆ. "ಅದು ಗೊತ್ತು. ನಾನು ಕೇಳ್ತಿರೋದು ನೀನು ಮಾಡಿದ್ದಾ ಅಂತ" ಅಂದಳು. ಹೌದು ಅಂದೆ, ಗುಂಡ. ಜೋರಾಗಿಯೇ ಅಂದೆ.

ಈಗ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದೆ. ಆಸ್ಪತ್ರೆಯ ಉಪಕರಣ ಮಾಡುವವರು ಬಂದು ಹೋದರು. ಗಾಜಿನ ಕೋಣೆಯ ಖರೀದಿ ಅಧಿಕಾರಿಯೂ ಫೋನು ಮಾಡಿದ್ದರು, ಗಡಿಯಾರ ಇಲ್ಲದಿದ್ದರೂ ನಡೆಯುತ್ತದಂತೆ. ಫೋನು ಎತ್ತಿದವರು ಮೇಷ್ಟ್ರು. "ನಮ್ಮಲ್ಲಿ ಸ್ಪೀಡೇನೂ ಇಲ್ಲ ಸಾರ್, ನಿಧಾನವಾಗಿ ಬನ್ನಿ" ಅಂದರು. ನಾನು ಕಣ್ಣು ಬಿಟ್ಟೆ. ಆದರೂ ಅವರು ಮುಂದಿನ ವಾರ ಬರುತ್ತಿದ್ದಾರೆ. ಕೆಳಗಿನ ಅಂಗಡಿಯವರು ಜಾಗ ಬಿಟ್ಟುಕೊಡುತ್ತಾರಂತೆ, ಅದನ್ನೂ ತೆಗೆದುಕೊಳ್ಳೋಣ ಅಂತ ಮಾತು ನಡೆದಿದೆ. ಚಿಕ್ಕಪ್ಪ ಮೊನ್ನೆ ಬಂದು, "ನಾನು ಆಗಲೇ ಹೇಳಿರಲಿಲ್ವಾ?" ಅಂದರು. ಏನು ಹೇಳಿದ್ದರು ಅಂತ ಯಾರೂ ನೆನಪಿಸಲಿಲ್ಲ.

ನಿನ್ನೆಯಿಂದ ಅಮ್ಮನ ಕೈಯಲ್ಲಿ ಹಳದಿ ರೇಡಿಯೊ ಒಂದು, ನಿನ್ನ ಭಾವನ ಔಷಧಿ ಅಂಗಡಿಯಲ್ಲಿ ಇನ್ನೊಂದು. ಅವರು ನಿನ್ನೆಯೇ ಮತ್ತೆ ಹೋಗಿ ಮೊದಲನೆಯದಕ್ಕೊಂದು ಜೊತೆ ತಂದುಬಿಟ್ಟರು. ಅಮ್ಮ ಮಹಡಿ ಹತ್ತಿ "ಅಳಿಯಂದ್ರೆ, ಬರ್ತಾ ನಿಂಬೆಹಣ್ಣು ತನ್ನಿ" ಅಂದರೆ, ಅಂಗಡಿಯಲ್ಲಿ ಕೆಮ್ಮಿನ ಔಷಧಿಗೆ ನಿಂತ ಗಿರಾಕಿಗಳಿಗೆಲ್ಲ ಕೇಳಿಸುತ್ತದೆ. ತುಂಬ ಸ್ಪಷ್ಟವಾಗಿದೆ ಅಂತ ಎಲ್ಲರೂ ಹೊಗಳುತ್ತಾರಂತೆ.

ನೀನು ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೆಂಡತಿಗೆ ಕೇಳಿದೆ ಅಂತ ಹೇಳು, ಅವಳ ಬೆನ್ನುನೋವು ಈಗ ಹೇಗಿದೆ ಬರಿ. ಪುಟ್ಟಿಗೆ ಒಂದು ಚಿಪ್ ಈ ಕಾಗದದ ಜೊತೆಗೆ ಇಟ್ಟಿದ್ದೇನೆ. ಚುಕ್ಕೆ ಇಲ್ಲದ್ದನ್ನೇ ಆರಿಸಿದ್ದೇನೆ. ಅವಳು ನಮ್ಮಿಬ್ಬರಿಗಿಂತ ದೊಡ್ಡದನ್ನು ಮಾಡಲಿ, ಮಾಡುವಾಗ ಅವಳ ಪಕ್ಕದಲ್ಲಿ ಒಳ್ಳೆಯವರಿರಲಿ. ನೀವು ಮೂವರೂ ನೂರು ಕಾಲ ತಣ್ಣಗಿರಿ ಅಂತ ಅಮ್ಮನೂ ನಾನೂ ಹಾರೈಸುತ್ತೇವೆ.

ನಿನ್ನ
ಅಕ್ಕ

ತಾ.ಕ.: ಮೇಲಿನದನ್ನು ಅಮ್ಮ ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಅಂಟಿಸು ಅಂತ ಕೊಟ್ಟಳು. ಈ ಚೀಟಿ ಅವಳು ನೋಡಿಲ್ಲ. ನೋಡುವುದೂ ಬೇಡ.

ಕರಾರಿಗೆ ಸಹಿ ಬಿದ್ದ ದಿನ ರೇಡಿಯೊಮ್ಮ ನನ್ನನ್ನು ಊಟಕ್ಕೆ ಕರೆದಿದ್ದರು. ದೋಣಿಗೆ ಮುಂಚೆ ಯಾರು ಯಾರನ್ನು ವಿಚಾರಿಸಿದೆ ಅಂತ ಹೇಳುತ್ತಿದ್ದರು. ನಿಮ್ಮ ಕಂಪನಿಗೂ ಕೇಳಿದ್ದರಂತೆ, ಅಲ್ಲಿ ಅವರಿಗೆ ಉತ್ತರ ಕೊಟ್ಟವನು ನೀನು. "ಆ ಚಿಪ್ ನೋಡಿದ್ದೀನಿ, ಕೆಲಸ ಸರಿಯಾಗಿದೆ, ಪರೀಕ್ಷೆ ಮಾಡಿ ನೋಡಿ" ಅಂದೆಯಂತೆ. ನಾನು ಕಳಿಸಿದ್ದನ್ನು ನೀನು ಓಡಿಸಿ ನೋಡಿದ್ದೀಯ ಅಂತ ನನಗೆ ಎಷ್ಟು ಸಂತೋಷವಾಯಿತು ಗೊತ್ತಾ, ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆಮೇಲೆ ಅವರು, "ಮಾಡಿದವರು ಹೇಗೆ ಅಂತ ಕೇಳಿದೆ. ಅವರ ಪರಿಚಯ ನನಗಿಲ್ಲ ಅಂದರು" ಅಂದರು.

ಮದುವೆಯಾದ ಮೇಲೆ ನನ್ನ ಹೆಸರಿನ ಬಾಲ ಬೇರೆ. ನಾವು ಅಕ್ಕ ತಮ್ಮ ಅಂತ ಅವರಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. "ಹೌದಾ" ಅಂದೆ, ನೀರು ಕುಡಿದೆ.

ಅಂದಿನಿಂದ ಇದನ್ನೇ ತಿರುವಿ ತಿರುವಿ ನೋಡುತ್ತಿದ್ದೇನೆ. ಅಕ್ಕ ಅಂತ ಹೇಳಿದ್ದರೆ ನಿನ್ನ ಮಾತಿಗೆ ತೂಕ ಇರುತ್ತಿರಲಿಲ್ಲ, ತಮ್ಮನಲ್ಲವಾ ಹೊಗಳಲೇಬೇಕು ಅಂದುಕೊಳ್ಳುತ್ತಿದ್ದರು, ನನ್ನ ಒಳ್ಳೆಯದಕ್ಕೇ ಹಾಗೆ ಅಂದಿರಬಹುದು. ಒಂದು ದಿನ ಇದೇ ಸರಿ ಅನ್ನಿಸುತ್ತದೆ. ಮಾರನೆಯ ದಿನ ಬೇರೆ ಅನ್ನಿಸುತ್ತದೆ. ಆ ಹೊತ್ತಿಗೆ ನಾನು ಎಲ್ಲ ಬಾಗಿಲಲ್ಲೂ ಬೇಡ ಅನ್ನಿಸಿಕೊಂಡವಳು, ಹೊಲಿಗೆ ಅಂಗಡಿಯ ಮೇಲೆ ಕೂತವಳು. ನಿನ್ನ ಜೊತೆ ಕೆಲಸ ಮಾಡುವವರ ಎದುರಿಗೆ ಇವಳು ನನ್ನ ಅಕ್ಕ ಅನ್ನಲು ನಿನಗೆ ನಾಚಿಕೆಯಾಗಿರಬಹುದು. ನಿನಗೆ ಬೆಸುಗೆ ಹಾಕುವುದು ಕಲಿಸಿದವಳು ನಾನು ಗುಂಡ. ನಿನ್ನ ಹೆಬ್ಬೆರಳಿನ ಸುಟ್ಟ ಗುರುತು ಇನ್ನೂ ಇರಬೇಕು.

ಯಾವುದು ಅಂತ ನೀನೇ ಬರಿ. ಫೋನು ಮಾಡಬೇಡ, ಬರಿ. ಮೊದಲನೆಯದಾಗಿದ್ದರೆ ಒಂದು ಸಾಲು ಸಾಕು. ಎರಡನೆಯದಾಗಿದ್ದರೂ ಬರಿ. ಪರಿಚಯ ಮಾಡಿಕೊಳ್ಳೋಣ.